ಮಕ್ಕಳು ಅರ್ಧಕ್ಕೇ ಎದ್ದು ಹೋಗುವ ಬೋರ್ಡ್ ಆಟ: ದೋಷ ಎಲ್ಲಿದೆ, ಸರಿಪಡಿಸುವುದು ಹೇಗೆ

ಕೈಯಾರೆ ಮಾಡಿದ ಬೋರ್ಡ್ ಆಟವನ್ನು ಮಕ್ಕಳು ಅರ್ಧಕ್ಕೆ ಬಿಟ್ಟು ಎದ್ದರೆ, ಮಾಡಿದವರ ಕೈ ತಾನಾಗಿಯೇ ಪೆನ್ಸಿಲ್ಲಿನ ಕಡೆ ಹೋಗುತ್ತದೆ. ಇನ್ನೊಂದಷ್ಟು ವಿಶೇಷ ಮನೆ ಹಾಕೋಣ, ಇನ್ನೊಂದು ಕಾರ್ಡ್ ಕಟ್ಟು ಸೇರಿಸೋಣ, ಹೊಸ ನಿಯಮ ಬರೆಯೋಣ ಅನಿಸುತ್ತದೆ. ಬಹುಪಾಲು ಸಲ ಇದರಿಂದ ರೋಗ ಹೆಚ್ಚಾಗುತ್ತದೆ. "ಬೋರು" ಎಂದು ಮಗು ಹೇಳಿದ್ದು ಲಕ್ಷಣ ಮಾತ್ರ. ಕಾರಣ ದಾರಿಯ ಉದ್ದದಲ್ಲಿರಬಹುದು, ಸರದಿಗಾಗಿ ಕಾಯುವ ಹೊತ್ತಿನಲ್ಲಿರಬಹುದು, ಕೊನೆಯ ಮನೆಯ ನಿಯಮದಲ್ಲಿರಬಹುದು, ಕೆಲವೊಮ್ಮೆ ಬಾಗಿದ ರಟ್ಟಿನಲ್ಲೂ ಇರಬಹುದು. ಆದ್ದರಿಂದ ಮೊದಲು ಅಳೆಯಿರಿ. ಆಮೇಲೆ ತೆಗೆಯಿರಿ, ಮೊಟಕು ಮಾಡಿ. ಅದೂ ಸಾಲದಿದ್ದರೆ ಮಾತ್ರ ಸೇರಿಸಿ.

ಇಲ್ಲಿನ ಲೆಕ್ಕಗಳೆಲ್ಲ ಮನೆಯಲ್ಲಿ ಹೆಚ್ಚಾಗಿ ತಯಾರಾಗುವ ಮಾದರಿಗೆ ಸೇರಿದವು: ಒಂದು ಉದ್ದ ದಾರಿ, ನಾಲ್ಕು ಮಕ್ಕಳು, ಒಬ್ಬರಿಗೊಂದು ಕಾಯಿ, ಆರು ಮುಖದ ಒಂದು ದಾಳ, ಅಲ್ಲಲ್ಲಿ ಮುಂದೆ ಹಿಂದೆ ಕಳಿಸುವ ಮನೆಗಳು. ದಾಳದ ಸರಾಸರಿ ಗರ 3.5. ಈ ಒಂದು ಸಂಖ್ಯೆ ನೆನಪಿದ್ದರೆ ಅರ್ಧ ದೋಷಗಳನ್ನು ಆಡುವ ಮೊದಲೇ ಕಾಗದದ ಮೇಲೆ ಹಿಡಿಯಬಹುದು.

ಮೊದಲು ಅಳತೆ

ಬಣ್ಣ ಹಚ್ಚಿದ ಬೋರ್ಡಿನಲ್ಲಿ ಪರೀಕ್ಷೆ ಮಾಡಬೇಡಿ. ಕಷ್ಟಪಟ್ಟು ಬಣ್ಣ ತುಂಬಿದ ಮನೆಯನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ತಪ್ಪೇ ಉಳಿದುಬಿಡುತ್ತದೆ. ಪೆನ್ಸಿಲ್ಲಿನಲ್ಲಿ ಗೀಚಿದ ಕಚ್ಚಾ ಬೋರ್ಡು, ಕಾಯಿಗಳಿಗೆ ಬಣ್ಣದ ಗುಂಡಿ, ಕಾರ್ಡುಗಳಿಗೆ ಹರಿದ ಕಾಗದದ ಚೀಟಿ ಸಾಕು.

ಮಕ್ಕಳನ್ನು ಕರೆಯುವ ಮೊದಲು ಒಬ್ಬರೇ ಕೂತು ನಾಲ್ಕೂ ಬಣ್ಣಗಳ ಪರವಾಗಿ ಐದು ಆಟ ಬೇಗ ಬೇಗ ಆಡಿ ಮುಗಿಸಿ. ಉದ್ದ ಹೆಚ್ಚಾಗಿದ್ದರೆ, ಕಾಯಿ ಒಂದೇ ಕಡೆ ಗಿರಕಿ ಹೊಡೆಯುತ್ತಿದ್ದರೆ, ಕಾರ್ಡು ಖಾಲಿಯಾಗುತ್ತಿದ್ದರೆ ಇಲ್ಲೇ ಗೊತ್ತಾಗುತ್ತದೆ. ಒಂದು ಮಗು ನಿಮ್ಮ ಆಟವನ್ನು ಮೊದಲ ಸಲ ನೋಡುವುದು ಒಂದೇ ಸಲ. ಆ ಹೊಸ ಕಣ್ಣನ್ನು ಲೆಕ್ಕದ ತಪ್ಪು ಹುಡುಕಲು ವ್ಯರ್ಥ ಮಾಡಬಾರದು.

ಮಕ್ಕಳು ಆಡುವಾಗ ಮಾಡಿದವರು ಆಡಬಾರದು, ಮಾತಾಡಲೂಬಾರದು. ಒಂದು ಹಾಳೆ ಹಿಡಿದು ಪಕ್ಕದಲ್ಲಿ ಕೂತು ಇಷ್ಟನ್ನು ಗುರುತು ಹಾಕಿ: ಶುರುವಾದ ಸಮಯ, ಮುಗಿದ ಸಮಯ, ಪ್ರತಿ ಮಗುವಿನ ಸರದಿಗೊಂದು ಗೆರೆ, ಮುಂದಿರುವ ಕಾಯಿ ಬದಲಾದಾಗಲೆಲ್ಲ ಒಂದು ಅಡ್ಡಗೆರೆ, ಯಾವ ಮಗು ಯಾವಾಗ ಬೋರ್ಡಿನಿಂದ ಕಣ್ಣು ಕಿತ್ತಿತು, ಎಲ್ಲಿ ಜಗಳವಾಯಿತು. ಮಕ್ಕಳು ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ಈಗ ಯಾರದು?", "ಇನ್ನೂ ಎಷ್ಟೊತ್ತು?", "ಇದು ಹಿಂದೆನಾ ಮುಂದೆನಾ?" ಇವು ಮೂರು ಬೇರೆ ಬೇರೆ ದೋಷಗಳ ಹೆಸರುಗಳು.

ಆಟ ಮುಗಿದ ಮೇಲೆ "ಇಷ್ಟ ಆಯ್ತಾ?" ಎಂದು ಕೇಳಿದರೆ ಉಪಯೋಗವಿಲ್ಲ. ಮಾಡಿಕೊಟ್ಟವರ ಮುಖ ನೋಡಿ ಮಗು ಹೌದೆನ್ನುತ್ತದೆ. "ಯಾವಾಗ ಬೇಜಾರಾಯ್ತು?" ಎಂದು ಕೇಳಿ. ಇಲ್ಲವಾದರೆ ಏನೂ ಹೇಳದೆ ಬೋರ್ಡನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಸರಿಯಿರಿ. "ಇನ್ನೊಂದ್ಸಲ ಆಡೋಣ್ವಾ?" ಎಂದು ಅವರಾಗಿಯೇ ಅಂದರೆ ಅದಕ್ಕಿಂತ ನಂಬಿಕೆಯ ಅಳತೆ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ ಮೇಲೆ ಕನಿಷ್ಠ ಮೂರು ಆಟ ನೋಡಿ ತೀರ್ಮಾನಿಸಿ, ಏಕೆಂದರೆ ಒಂದು ಆಟದ ಒಳ್ಳೆಯದು ಕೆಟ್ಟದು ಬರೀ ದಾಳದ್ದೇ ಆಗಿರಬಹುದು.

ಲಕ್ಷಣ: ಆಟ ಮುಗಿಯುವುದೇ ಇಲ್ಲ

ಮನೆಯಲ್ಲಿ ಮಾಡಿದ ಆಟಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಮನೆಗಳ ಸಂಖ್ಯೆಯನ್ನು 3.5ರಿಂದ ಭಾಗಿಸಿ. ಒಂದು ಕಾಯಿ ದಾರಿ ಮುಗಿಸಲು ಬೇಕಾದ ಸರದಿ ಸಿಗುತ್ತದೆ. ಅದನ್ನು ಮಕ್ಕಳ ಸಂಖ್ಯೆಯಿಂದಲೂ ಒಂದು ಸರದಿಗೆ ಹಿಡಿಯುವ ಸೆಕೆಂಡುಗಳಿಂದಲೂ ಗುಣಿಸಿದರೆ ಆಟದ ಉದ್ದ ಬರುತ್ತದೆ. ನೂರು ಮನೆ, ನಾಲ್ಕು ಮಕ್ಕಳು, ಸರದಿಗೆ 25 ಸೆಕೆಂಡು ಅಂದರೆ ಒಬ್ಬರಿಗೆ ಸುಮಾರು 29 ಸರದಿ, ಒಟ್ಟು 116 ಸರದಿ, 48 ನಿಮಿಷ. ಆರು ವರ್ಷದ ಮಗುವಿಗೆ ಇದು ತೀರ ಹೆಚ್ಚು. ನಾಲ್ಕೈದು ವರ್ಷದವರಿಗೆ 10ರಿಂದ 15 ನಿಮಿಷ, ಆರರಿಂದ ಎಂಟು ವರ್ಷದವರಿಗೆ 20ರಿಂದ 30 ನಿಮಿಷ ಇಟ್ಟುಕೊಂಡರೆ ಮೋಸವಿಲ್ಲ.

ತಿರುವು ಹಾಕಿ ಲೆಕ್ಕ ಮಾಡುವುದು ಇನ್ನೂ ಒಳ್ಳೆಯದು. 20 ನಿಮಿಷದಲ್ಲಿ ಮುಗಿಯಬೇಕೆಂದರೆ 1200 ಸೆಕೆಂಡಿನಲ್ಲಿ 25 ಸೆಕೆಂಡಿನ 48 ಸರದಿಗಳು, ಅಂದರೆ ಒಬ್ಬರಿಗೆ 12, ಅಂದರೆ 42 ಮನೆ. ನಾಲ್ವರಲ್ಲಿ ಒಳ್ಳೆ ಗರ ಬಿದ್ದವರು ಮೊದಲು ಮುಟ್ಟುವುದರಿಂದ ನಿಜವಾದ ಆಟ ಇದಕ್ಕಿಂತ ಒಂದೆರಡು ಸುತ್ತು ಮೊದಲೇ ಮುಗಿಯುತ್ತದೆ.

ಇದು ಹಿಂದೆ ಕಳಿಸುವ ಮನೆಗಳಿಲ್ಲದ ಲೆಕ್ಕ. ಉದ್ದದ ದಾರಿಯಲ್ಲಿ ಯಾವುದೇ ಒಂದು ಮನೆಯ ಮೇಲೆ ಕಾಯಿ ನಿಲ್ಲುವ ಸಾಧ್ಯತೆ ಏಳರಲ್ಲಿ ಎರಡು, ಅಂದರೆ ಸುಮಾರು 29 ಶೇಕಡ. ಐದೈದು ಮನೆ ಹಿಂದೆ ತಳ್ಳುವ ಆರು ಮನೆಗಳಿದ್ದರೆ ಪ್ರತಿ ಕಾಯಿಯೂ ಸರಾಸರಿ ಎಂಟೊಂಬತ್ತು ಮನೆ ಕಳೆದುಕೊಳ್ಳುತ್ತದೆ. ಎರಡೂವರೆ ಸರದಿ ಹೆಚ್ಚಾಯಿತು. ಹಿಂದೆ ಹೋದ ಕಾಯಿ ಅದೇ ಮನೆಯ ಮುಂದೆ ಮತ್ತೆ ಬರುವುದರಿಂದ ನಿಜವಾದ ನಷ್ಟ ಇದಕ್ಕಿಂತ ತುಸು ಜಾಸ್ತಿಯೇ. ಹಾವು ಏಣಿ ಆಟದ ಒಂದು ಹೆಸರಾಂತ ರೂಪವಾದ ಚ್ಯೂಟ್ಸ್ ಅಂಡ್ ಲ್ಯಾಡರ್ಸ್ ಬೋರ್ಡಿನಲ್ಲಿ ಒಬ್ಬ ಆಟಗಾರ ನೂರು ಮುಟ್ಟಲು ಸರಾಸರಿ ಸುಮಾರು 39 ಎಸೆತ ಬೇಕೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಏಣಿಗಳಿದ್ದೂ ಬರಿಯ ನೂರು ಮನೆಯ 29ಕ್ಕಿಂತ ಹತ್ತು ಹೆಚ್ಚು.

ಸರಿಪಡಿಸಲು ಬೋರ್ಡನ್ನು ಮತ್ತೆ ಬರೆಯಬೇಕಿಲ್ಲ. ಆರಂಭದ ಗುರುತನ್ನು ಮುಂದಕ್ಕೆ ತನ್ನಿ, ಇಲ್ಲವೇ ನಡುವಿನ ಒಂದು ಮನೆಗೆ ಚೀಟಿ ಅಂಟಿಸಿ ಅದನ್ನೇ ಕೊನೆ ಮಾಡಿ. ಹಿಂದೆ ಕಳಿಸುವ ಮನೆಗಳಲ್ಲಿ ಅರ್ಧವನ್ನು ಅಳಿಸಿ. ಆರು ಬಿದ್ದವರಿಗೆ ಮತ್ತೊಂದು ಎಸೆತ ಕೊಟ್ಟರೆ ಸರದಿಯ ಸರಾಸರಿ 3.5ರಿಂದ 4.2ಕ್ಕೆ ಏರುತ್ತದೆ, ಸರದಿಗಳು ಕಡಿಮೆಯಾಗುತ್ತವೆ. ಆದರೆ ಒಬ್ಬರೇ ಎಸೆಯುತ್ತ ಕೂತರೆ ಉಳಿದವರು ಕಾಯಬೇಕು. ಅದರಿಂದ ಉದ್ದ ಕಡಿಮೆ ಮಾಡಲು ನಾವು ಮೊದಲು ಆರಿಸುವುದು ಮನೆಗಳನ್ನು ಕಡಿಯುವ ದಾರಿಯನ್ನೇ.

ನಾಲ್ಕು ವರ್ಷದವರಿಗೆ ದಾಳದ ಮೇಲೆ 1, 2, 3 ಇವನ್ನೇ ಎರಡೆರಡು ಸಲ ಬರೆದರೆ ಎಣಿಕೆ ಹಗುರವಾಗುತ್ತದೆ. ಆಗ ಸರಾಸರಿ 2 ಮಾತ್ರ ಎಂಬುದು ನೆನಪಿರಲಿ. ದಾರಿ 24 ಮನೆಗಿಂತ ಉದ್ದವಾಗುವುದು ಬೇಡ.

ಲಕ್ಷಣ: ಒಬ್ಬರ ಕಾಯಿ ಹೊರಗೇ ಉಳಿಯುತ್ತದೆ, ಅಥವಾ ಕೊನೆಯಲ್ಲಿ ಎಲ್ಲರೂ ನಿಂತುಬಿಡುತ್ತಾರೆ

"ಆರು ಬಿದ್ದರೆ ಮಾತ್ರ ಕಾಯಿ ಇಳಿಸು" ಎಂಬ ನಿಯಮವನ್ನು ಯೋಚಿಸದೆ ಬರೆದುಬಿಡುವುದು ಸಾಮಾನ್ಯ. ನಾಲ್ಕು ಸರದಿ ಕಳೆದ ಮೇಲೂ ಸುಮಾರು 48 ಶೇಕಡ ಮಕ್ಕಳು ಹೊರಗೇ ಇರುತ್ತಾರೆ. ಆರು ಸರದಿಯ ನಂತರ 33 ಶೇಕಡ, ಹತ್ತು ಸರದಿಯ ನಂತರ 16 ಶೇಕಡ. ನಾಲ್ವರ ಆಟದಲ್ಲಿ ಆರು ಸುತ್ತು ಮುಗಿದರೂ ಒಬ್ಬರಾದರೂ ಹೊರಗಿರುವ ಸಾಧ್ಯತೆ ಸುಮಾರು 80 ಶೇಕಡ. 12 ಸರದಿಯ ಆಟದಲ್ಲಿ ಅರ್ಧ ಆಟ ಆ ಮಗುವಿನ ಪಾಲಿಗೆ ಇಲ್ಲವೇ ಇಲ್ಲ. ನಿಯಮವನ್ನು ತೆಗೆದುಹಾಕಿ. ಎಲ್ಲರೂ ಮೊದಲ ಎಸೆತದಿಂದಲೇ ನಡೆಯಲಿ. ಆ ಕಾತರ ಬೇಕೇ ಬೇಕೆಂದರೆ 1 ಬಿದ್ದರೂ 6 ಬಿದ್ದರೂ ಇಳಿಯಬಹುದು, ಮೂರನೇ ಸರದಿಗೆ ಏನು ಬಿದ್ದರೂ ಇಳಿಯಬಹುದು ಎಂದು ಮಾಡಿ.

ಇದರ ಅವಳಿ ದೋಷ ಕೊನೆಯಲ್ಲಿದೆ. ಕಾಯಿ ಹಣ್ಣಾಗಲು ಸರಿಯಾದ ಗರವೇ ಬೀಳಬೇಕು ಎಂದಿದ್ದರೆ, ಕೊನೆಯ ಆರು ಮನೆಯೊಳಗೆ ಎಲ್ಲಿದ್ದರೂ ಪ್ರತಿ ಎಸೆತದಲ್ಲಿ ಗೆಲ್ಲುವ ಗರ ಒಂದೇ. ಸಾಧ್ಯತೆ ಆರರಲ್ಲಿ ಒಂದು. ಹಾಗಾಗಿ ಸರಾಸರಿ ಆರು ಸರದಿ ಅಲ್ಲೇ ಕಳೆಯುತ್ತದೆ, 12 ಸರದಿಯ ಆಟಕ್ಕೆ ಬಹುತೇಕ ಅರ್ಧದಷ್ಟು ಬಾಲ ಸೇರಿದಂತೆ. ಹೆಚ್ಚಾದ ಗರವನ್ನು ಹಿಂದಕ್ಕೆ ಎಣಿಸುವ ನಿಯಮ ಹಾಕಿದರೆ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಇಲ್ಲ, ಹಿಂದೆ ಬಂದ ಕಾಯಿಗೂ ಗೆಲ್ಲುವ ಗರ ಒಂದೇ ಇರುತ್ತದೆ, ಸರಾಸರಿ ಅದೇ ಆರು. ಕಾಯಿ ಅಲ್ಲಾಡುವುದರಿಂದ ನಿಂತಂತೆ ಕಾಣುವುದಿಲ್ಲ, ಅಷ್ಟೇ. ಕೊನೆಯ ಮನೆಯನ್ನು ದಾಟಿದರೂ ಗೆದ್ದಂತೆ ಎಂದು ಬರೆಯುವುದೇ ಸರಿಯಾದ ಔಷಧ.

ಲಕ್ಷಣ: ಸರದಿ ಇಲ್ಲದವರು ಎದ್ದು ಓಡಾಡುತ್ತಾರೆ

ಒಟ್ಟು ಸಮಯಕ್ಕಿಂತ ಒಂದು ಮಗು ತನ್ನ ಎರಡು ಸರದಿಗಳ ನಡುವೆ ಎಷ್ಟು ಹೊತ್ತು ಕೈಕಟ್ಟಿ ಕೂರುತ್ತದೆ ಎಂಬುದು ಮುಖ್ಯ. ನಾಲ್ವರಿದ್ದು ಸರದಿಗೆ 25 ಸೆಕೆಂಡಾದರೆ 75 ಸೆಕೆಂಡು. "ಒಂದು ಸರದಿ ಬಿಡು" ಎಂಬ ಮನೆಗೆ ಬಿದ್ದರೆ ಆರು ಜನರ ಸರದಿ ಕಾಯಬೇಕು, 150 ಸೆಕೆಂಡು. "ಎರಡು ಸರದಿ ಬಿಡು" ಎಂದರೆ ಒಂಬತ್ತು, ಹತ್ತಿರ ಹತ್ತಿರ ನಾಲ್ಕು ನಿಮಿಷ. ಐದು ವರ್ಷದ ಮಗುವನ್ನು ನಾಲ್ಕು ನಿಮಿಷ ಸುಮ್ಮನೆ ಕೂರಿಸುವ ಮನೆಯನ್ನು ಬೋರ್ಡಿನಲ್ಲಿ ಬರೆಯಲೇಬಾರದು. ಅದರ ಬದಲು "ಎರಡು ಮನೆ ಹಿಂದೆ" ಎಂದು ಬರೆಯಿರಿ. ಶಿಕ್ಷೆಯ ರುಚಿ ಉಳಿಯುತ್ತದೆ, ಮಗು ಆಟದೊಳಗೇ ಇರುತ್ತದೆ.

ಸರದಿಯೇ 40 ಸೆಕೆಂಡು ದಾಟುತ್ತಿದ್ದರೆ ಎಲ್ಲಿ ಸೋರಿಕೆಯಾಗುತ್ತಿದೆ ನೋಡಿ. ಹೆಚ್ಚಾಗಿ ಎರಡೇ ಕಡೆ. ದಾಳ ಉರುಳಿ ಎಲ್ಲೋ ಕೆಳಗೆ ಹೋಗುತ್ತದೆ. ಅದಕ್ಕೆ ಎರಡು ಮೂರು ಸೆಂಟಿಮೀಟರ್ ಅಂಚಿರುವ ಡಬ್ಬದ ಮುಚ್ಚಳದೊಳಗೆ ಬಟ್ಟೆಯ ತುಂಡು ಅಂಟಿಸಿ, ದಾಳವನ್ನು ಅದರೊಳಗೇ ಎಸೆಯುವ ನಿಯಮ ಮಾಡಿ. ಇನ್ನೊಂದು ಕಾರ್ಡಿನ ಬರಹ. ಹತ್ತು ಪದಕ್ಕಿಂತ ಉದ್ದವಾದ ಕಾರ್ಡನ್ನು ಹೊಸದಾಗಿ ಓದಲು ಕಲಿತ ಮಗು ತಡವರಿಸಿ ಓದುವಷ್ಟರಲ್ಲಿ ಉಳಿದ ಮೂವರ ಗಮನ ಹೋಗಿರುತ್ತದೆ. ಬಾಣದ ಗುರುತು ಮತ್ತು ಒಂದು ಅಂಕಿ ಸಾಕಾಗುವ ಕಡೆ ವಾಕ್ಯ ಬೇಡ. ಪ್ರಶ್ನೆ ಕಾರ್ಡುಗಳಿದ್ದರೆ ಉತ್ತರ ಎಲ್ಲರೂ ಹೇಳುವಂತಿರಲಿ, ಸರಿ ಹೇಳಿದ ಎಲ್ಲರೂ ಒಂದು ಮನೆ ನಡೆಯಲಿ.

"ಈಗ ಯಾರದು?" ಎಂಬುದು ಒಂದು ಆಟದಲ್ಲಿ ಮೂರು ಸಲಕ್ಕಿಂತ ಹೆಚ್ಚು ಕೇಳಿದರೆ, ಸರದಿ ಮುಗಿಸಿದವರು ದಾಳವನ್ನು ಪಕ್ಕದವರ ಕೈಗೇ ಕೊಡಬೇಕು ಎಂದು ಮಾಡಿ. ಬೇರೇನೂ ಬೇಕಾಗುವುದಿಲ್ಲ.

ಲಕ್ಷಣ: ವಿಶೇಷ ಮನೆಗಳು ಕೆಲಸ ಮಾಡುತ್ತಿಲ್ಲ, ಅಥವಾ ಅವೇ ಆಟವನ್ನು ನುಂಗುತ್ತಿವೆ

ಒಂದು ಮನೆಯ ಮೇಲೆ ಕಾಯಿ ನಿಲ್ಲುವ ಸಾಧ್ಯತೆ ಇಲ್ಲೂ ಅದೇ ಏಳರಲ್ಲಿ ಎರಡು. 42 ಮನೆಯಲ್ಲಿ ಮೂರೇ ವಿಶೇಷ ಮನೆಗಳಿದ್ದರೆ ಒಂದು ಮಗುವಿಗೆ ಇಡೀ ಆಟದಲ್ಲಿ ಒಂದೂ ಪೂರ್ತಿ ಸಿಗುವುದಿಲ್ಲ. ಹತ್ತಿದ್ದರೆ ಸುಮಾರು ಮೂರು ಸಿಗುತ್ತವೆ. 12 ಸರದಿಯಲ್ಲಿ ಮೂರು ನಾಲ್ಕು ಸಲ ಏನಾದರೂ ಆಗುವುದು ಚೆನ್ನಾಗಿ ಒಗ್ಗುವ ಪ್ರಮಾಣ.

ಎಲ್ಲಿ ಇಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಎಲ್ಲರೂ ಒಂದೇ ಕಡೆಯಿಂದ ಹೊರಡುವುದರಿಂದ ಮೊದಲ ಕೆಲವು ಮನೆಗಳ ಲೆಕ್ಕ ಬೇರೆ. ಒಂದನೇ ಮನೆಯ ಮೇಲೆ ನಿಲ್ಲುವ ಸಾಧ್ಯತೆ 17 ಶೇಕಡ ಮಾತ್ರ. ಅದು ಏರುತ್ತ ಹೋಗಿ ಆರನೇ ಮನೆಯಲ್ಲಿ 36 ಶೇಕಡ ಮುಟ್ಟುತ್ತದೆ, ಏಳನೆಯದರಲ್ಲಿ 25ಕ್ಕೆ ಇಳಿಯುತ್ತದೆ. ಇಡೀ ಬೋರ್ಡಿನಲ್ಲಿ ಅತಿ ಹೆಚ್ಚು ಕಾಲು ಬೀಳುವ ಮನೆ ಆರನೆಯದು. ಅಲ್ಲಿ "ಮೊದಲಿನಿಂದ ಶುರು ಮಾಡು" ಎಂದು ಬರೆದರೆ ಮೂವರಲ್ಲಿ ಒಬ್ಬರು ಆಟದ ಬಾಗಿಲಲ್ಲೇ ಅಳುತ್ತಾರೆ. ಒಳ್ಳೆಯದನ್ನು ಅಲ್ಲಿಡಿ.

ಮೂರು ಕೆಟ್ಟ ಮನೆಗಳನ್ನು ಒತ್ತೊತ್ತಾಗಿ ಇಟ್ಟರೆ ಯಾವುದಾದರೂ ಒಂದರ ಮೇಲೆ ಬೀಳುವ ಸಾಧ್ಯತೆ 71 ಶೇಕಡ. ಎರಡಾದರೆ 52. ಒತ್ತಾಗಿ ಇಡುವುದು ಗೋಡೆ ಕಟ್ಟಿದಂತೆ, ಬೇಕೆಂದೇ ಕಟ್ಟಿದರೆ ಸರಿ.

ಕಾರ್ಡ್ ಕಟ್ಟಿನ ಗಾತ್ರವೂ ಇಲ್ಲೇ ತೀರ್ಮಾನವಾಗುತ್ತದೆ. ಮನೆಗಳಲ್ಲಿ ಮೂರರಲ್ಲೊಂದು ಕಾರ್ಡ್ ಮನೆಯಾಗಿದ್ದರೆ 48 ಸರದಿಯಲ್ಲಿ 16 ಕಾರ್ಡು ಎತ್ತುತ್ತಾರೆ. 24 ಕಾರ್ಡು ಮಾಡಿದರೆ ಒಂದು ಆಟಕ್ಕೆ ಸಾಕು, ಎರಡನೇ ಆಟದಲ್ಲೂ ಕೆಲವು ಹೊಸದಾಗಿರುತ್ತವೆ. 60 ಕಾರ್ಡು ಬರೆಯುವ ಶ್ರಮ ಬೇಡ.

ಲಕ್ಷಣ: ಒಬ್ಬರು ಮುಂದೆ ಹೋದರೆ ಉಳಿದವರು ಕೈಚೆಲ್ಲುತ್ತಾರೆ

12 ಸರದಿ ಕಳೆದಾಗ ಇಬ್ಬರ ನಡುವೆ ಎಂಟು ಮನೆಯಷ್ಟು ಅಂತರ ಬರೀ ದಾಳದಿಂದಲೇ ಬರುತ್ತದೆ. ಇದು ದೋಷವಲ್ಲ, ಆಟದ ಉಸಿರು. ಆದರೆ 15 ಮನೆ ಮುಂದಕ್ಕೆ ಎಗರಿಸುವ ಒಂದು ಏಣಿ ಇದ್ದರೆ ಉಳಿದ ಎಲ್ಲ ಎಸೆತಗಳಿಗಿಂತ ಅದೇ ದೊಡ್ಡದಾಗುತ್ತದೆ, ಅದು ಸಿಕ್ಕವರೇ ಗೆಲ್ಲುತ್ತಾರೆ. 42 ಮನೆಯ ದಾರಿಯಲ್ಲಿ ಒಂದು ಜಿಗಿತ ಎಂಟು ಮನೆ ಮೀರದಿರಲಿ.

ನಿಮ್ಮ ಹಾಳೆಯಲ್ಲಿ ಮುಂದಿರುವ ಕಾಯಿ ಬದಲಾದ ಗುರುತು ಎರಡಕ್ಕಿಂತ ಕಡಿಮೆ ಇದ್ದರೆ ಹಿಂದುಳಿದವರಿಗೆ ಒಂದು ಆಸರೆ ಕೊಡಿ. ಎಲ್ಲರಿಗಿಂತ ಹಿಂದಿರುವವರು ಎರಡು ದಾಳ ಎಸೆದು ದೊಡ್ಡದನ್ನು ಎಣಿಸಲಿ. ಆಗ ಅವರ ಸರಾಸರಿ 3.5ರ ಬದಲು ಸುಮಾರು 4.5. ಸರದಿಗೊಂದು ಮನೆ ಹೆಚ್ಚು, ಅಷ್ಟೇ. ಇದಕ್ಕಿಂತ ದೊಡ್ಡ ಆಸರೆ ಕೊಟ್ಟರೆ ಮುಂದೆ ಹೋಗುವುದೇ ದಡ್ಡತನವಾಗುತ್ತದೆ, ಎಂಟು ವರ್ಷದ ಮಕ್ಕಳು ಅದನ್ನು ಎರಡನೇ ಆಟದಲ್ಲೇ ಕಂಡುಹಿಡಿದು ಬೇಕೆಂದೇ ಹಿಂದುಳಿಯುತ್ತಾರೆ.

ಯಾವಾಗಲೂ ಮೊದಲು ಎಸೆದವರೇ ಗೆಲ್ಲುತ್ತಿದ್ದಾರೆ ಎಂಬ ದೂರು ಬಂದರೆ ಸುತ್ತನ್ನು ಪೂರ್ತಿ ಮಾಡಿಸಿ. ಒಬ್ಬರು ಮುಟ್ಟಿದ ಮೇಲೂ ಆ ಸುತ್ತಿನಲ್ಲಿ ಉಳಿದವರು ಎಸೆಯಲಿ, ಇಬ್ಬರು ಮುಟ್ಟಿದರೆ ಇಬ್ಬರೂ ಗೆದ್ದಂತೆ.

ಕಾಯಿ ಹೊಡೆಯುವ ನಿಯಮವಿದ್ದರೆ ಹೊಡೆಸಿಕೊಂಡ ಕಾಯಿ ಮೊದಲ ಮನೆಗೆ ಹೋಗುವುದು ಬೇಡ. ಅದು ಆಟವನ್ನೂ ಉದ್ದ ಮಾಡುತ್ತದೆ, ಮಕ್ಕಳ ನಡುವೆ ಜಗಳವನ್ನೂ ಹಚ್ಚುತ್ತದೆ. ಐದು ಮನೆ ಹಿಂದೆ ಸಾಕು.

ಲಕ್ಷಣ: ಎಣಿಕೆಯ ಜಗಳ

ನಾಲ್ಕೈದು ವರ್ಷದ ಮಕ್ಕಳು ತಾವು ನಿಂತಿರುವ ಮನೆಯನ್ನೇ "ಒಂದು" ಎಂದು ಎಣಿಸುತ್ತಾರೆ. ಮೂರು ಬಿದ್ದರೆ ಎರಡೇ ಮನೆ ಹೋಗುತ್ತಾರೆ. ದೊಡ್ಡ ಮಗು "ಮೋಸ" ಅನ್ನುತ್ತದೆ, ಚಿಕ್ಕದು ಅಳುತ್ತದೆ. ಇದು ಮಗುವಿನ ತಪ್ಪಲ್ಲ, ಬೋರ್ಡು ಸಹಾಯ ಮಾಡುತ್ತಿಲ್ಲ ಎಂದರ್ಥ. ಮನೆಗಳಲ್ಲಿ ಅಂಕಿ ಬರೆಯಿರಿ. ನಡೆಯುವಾಗ ಒಂದು, ಎರಡು ಎನ್ನದೆ ಕಾಲಿಟ್ಟ ಮನೆಯ ಅಂಕಿಯನ್ನೇ ಹೇಳಿಸಿ. ಐದರಲ್ಲಿ ನಿಂತು ಎರಡು ಬಿದ್ದರೆ "ಆರು, ಏಳು".

ಇದರಿಂದ ಜಗಳ ನಿಲ್ಲುವುದಷ್ಟೇ ಅಲ್ಲ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಾಮಾನಿ 2008ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಂದರಿಂದ ಹತ್ತರವರೆಗೆ ಅಂಕಿ ಬರೆದ ನೇರ ಸಾಲಿನ ಬೋರ್ಡಿನಲ್ಲಿ ಒಟ್ಟು ಒಂದು ಗಂಟೆಯಷ್ಟು ಆಡಿದ ಪುಟ್ಟ ಮಕ್ಕಳ ಸಂಖ್ಯಾಜ್ಞಾನ ಹೆಚ್ಚಿತ್ತು. ಅಂಕಿಯಿಲ್ಲದ ಬಣ್ಣದ ಮನೆಗಳ ಬೋರ್ಡಿನಲ್ಲಿ ಆಡಿದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕಿಯ ಪರಿಚಯವೂ ಆಟದ ಉದ್ದೇಶವಾಗಿದ್ದರೆ ದಾರಿಯನ್ನು ಹೂಬಳ್ಳಿಯಂತೆ ಸುತ್ತಿಸುವ ಬದಲು ನೇರವಾಗಿಯೇ ಬಿಡಿ.

ದೊಡ್ಡ ಬೋರ್ಡಿನಲ್ಲಿ ಸಾಲುಗಳು ಬಲಕ್ಕೆ ಒಮ್ಮೆ ಎಡಕ್ಕೆ ಒಮ್ಮೆ ಹೋಗುವುದು ಅನಿವಾರ್ಯವಾದರೆ ಸಾಲುಗಳ ನಡುವೆ ಒಂದು ಸೆಂಟಿಮೀಟರ್ ಖಾಲಿ ಬಿಡಿ, ತಿರುವಿನ ಮನೆಗಳಲ್ಲಿ ದಪ್ಪ ಬಾಣ ಹಾಕಿ. ಮೇಲಿನ ಸಾಲಿಗೆ ಅಂಟಿಕೊಂಡಂತೆ ಬರೆದರೆ ಕಾಯಿ ಸಾಲು ಹಾರುತ್ತದೆ.

ಉಳಿದ ಜಗಳಗಳು ನಿಯಮದ ಹಾಳೆಯಲ್ಲಿ ಬಿಟ್ಟುಹೋದ ಸಂದರ್ಭಗಳಿಂದ ಹುಟ್ಟುತ್ತವೆ. ದಾಳ ನೆಲಕ್ಕೆ ಬಿದ್ದರೆ ಆ ಗರ ನಡೆಯುತ್ತದೆಯೇ? ಒಂದೇ ಮನೆಯಲ್ಲಿ ಇಬ್ಬರು ಇರಬಹುದೇ? ಏಣಿ ಹತ್ತಿ ನಿಂತ ಮನೆಯೂ ವಿಶೇಷ ಮನೆಯಾಗಿದ್ದರೆ ಅದೂ ಕೆಲಸ ಮಾಡುತ್ತದೆಯೇ? ಕಾರ್ಡು ಮುಗಿದರೆ ಏನು? ಇವು ನಾಲ್ಕಕ್ಕೂ ಉತ್ತರ ಬರೆದರೆ ಬಹುಪಾಲು ಗಲಾಟೆ ಅಡಗುತ್ತದೆ. ಮೂರನೆಯದಕ್ಕೆ "ಇಲ್ಲ" ಎಂಬುದೇ ಒಳ್ಳೆಯ ಉತ್ತರ, ಸರಪಳಿಯಂತೆ ಹಿಂದೆ ಮುಂದೆ ಹೋಗುವುದನ್ನು ಚಿಕ್ಕವರು ಹಿಂಬಾಲಿಸಲಾರರು. ಇಡೀ ನಿಯಮ ಒಂದು ಎ4 ಹಾಳೆಯ ಒಂದು ಬದಿಯಲ್ಲಿ ಹಿಡಿಸದಿದ್ದರೆ ಹಾಳೆ ದೊಡ್ಡದು ಮಾಡಬೇಡಿ, ನಿಯಮ ಕಡಿಮೆ ಮಾಡಿ.

ಲಕ್ಷಣ: "ದಾಳಾನೇ ಎಲ್ಲಾ ಆಡುತ್ತೆ, ನಾನೇನೂ ಮಾಡಲ್ಲ"

ಏಳೆಂಟು ವರ್ಷದವರಿಂದ ಬರುವ ದೂರು, ಪೂರ್ತಿ ನ್ಯಾಯವಾದದ್ದು. ಐದರೊಳಗಿನವರಿಗೆ ದಾಳ ಎಸೆದು ಕಾಯಿ ನಡೆಸುವುದೇ ದೊಡ್ಡ ಕೆಲಸ, ಅವರಿಗೆ ಇದನ್ನು ಮುಟ್ಟಬೇಡಿ. ದೊಡ್ಡವರಿಗೆ ಒಂದೇ ಒಂದು ಆಯ್ಕೆ ಸೇರಿಸಿ. ಈ ಕೈಪಿಡಿಯಲ್ಲಿ ಸೇರಿಸಿ ಎಂದು ಗಟ್ಟಿಯಾಗಿ ಹೇಳುವ ಜಾಗ ಇದು.

ಸುಲಭವಾದದ್ದು ಎಲ್ಲರೂ ಎರಡು ದಾಳ ಎಸೆದು ಒಂದನ್ನು ಆರಿಸಿಕೊಳ್ಳುವುದು. ದೊಡ್ಡ ಗರ ಕೆಟ್ಟ ಮನೆಗೂ ಚಿಕ್ಕ ಗರ ಒಳ್ಳೆಯ ಮನೆಗೂ ಒಯ್ಯುವಾಗ ಮಗು ತಡೆದು ಯೋಚಿಸುತ್ತದೆ. ಎಲ್ಲರಿಗೂ ಎರಡು ದಾಳ ಕೊಟ್ಟರೆ ಹಿಂದುಳಿದವರ ಆಸರೆಗೆ ಮೂರನೆಯದು ಬೇಡ, ಇದಿರುವಾಗ ಆ ನಿಯಮ ಕೈಬಿಡಿ. ಇನ್ನೊಂದು, ಪ್ರತಿಯೊಬ್ಬರಿಗೂ ಆರಂಭದಲ್ಲಿ ಎರಡು ಗುಂಡಿ ಕೊಡುವುದು. ಒಂದು ಗುಂಡಿ ಬಿಟ್ಟುಕೊಟ್ಟರೆ ಬಿದ್ದ ಗರವನ್ನು ಮತ್ತೆ ಎಸೆಯಬಹುದು. ಮೂರನೆಯದು ಕವಲು ದಾರಿ: ಎಂಟು ಮನೆಯ ಗಿಡ್ಡ ದಾರಿಯಲ್ಲಿ ಮೂರು ಕೆಟ್ಟ ಮನೆ, 12 ಮನೆಯ ಉದ್ದ ದಾರಿಯಲ್ಲಿ ಒಂದೂ ಇಲ್ಲ. ಹತ್ತು ಸಲದಲ್ಲಿ ಒಂಬತ್ತು ಸಲ ಒಂದೇ ಕವಲು ಹಿಡಿದರೆ ಅದು ಆಯ್ಕೆಯಾಗಿ ಉಳಿದಿಲ್ಲ. ಬೇಡವಾದ ಕಡೆಯಿಂದ ಒಂದು ಮನೆ ತೆಗೆದು ಮತ್ತೆ ಆಡಿಸಿ.

ಲಕ್ಷಣ: ಸಾಮಾನಿನದೇ ತೊಂದರೆ

ಬೋರ್ಡು ದೋಣಿಯಂತೆ ಬಾಗುತ್ತದೆ. ಒದ್ದೆ ಅಂಟಿಗೆ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನತ್ತ ಎಳೆಯುತ್ತದೆ. ಹಿಂಬದಿಗೂ ಅದೇ ಕಾಗದವನ್ನು ಅದೇ ಅಂಟಿನಿಂದ ಅದೇ ದಿಕ್ಕಿನಲ್ಲಿ ಅಂಟಿಸಿದರೆ ಎರಡು ಎಳೆತಗಳೂ ಸಮವಾಗುತ್ತವೆ. ಎರಡು ಮಿಲಿಮೀಟರ್ ದಪ್ಪದ ರಟ್ಟು, ನೀರು ಬೆರೆಸದ ಅಂಟಿನ ತೆಳು ಪದರ, ಮೇಲೆ ಪುಸ್ತಕಗಳ ಭಾರ, ಒಂದು ಇಡೀ ದಿನ. ಮಡಚುವ ಬೋರ್ಡಾದರೆ ಎರಡು ತುಂಡುಗಳ ನಡುವೆ ರಟ್ಟಿನ ದಪ್ಪದ ಎರಡರಷ್ಟು ಜಾಗ ಬಿಟ್ಟು ಬಟ್ಟೆಯ ಟೇಪು ಹಾಕಿ. ಜಾಗ ಬಿಡದಿದ್ದರೆ ಮಡಿಕೆಯಲ್ಲಿ ಚಿತ್ರ ಹರಿಯುತ್ತದೆ.

ಕಾಯಿಗಳು ಒಂದನ್ನೊಂದು ತಳ್ಳುತ್ತವೆ. ನಾಲ್ಕು ಕಾಯಿ ಒಂದೇ ಮನೆಯಲ್ಲಿ ನಿಲ್ಲಬೇಕಾದರೆ ಮನೆಯ ಬದಿ ಕಾಯಿಯ ತಳದ ಎರಡರಷ್ಟಕ್ಕಿಂತ ತುಸು ಹೆಚ್ಚಿರಬೇಕು. 40 ಮಿಲಿಮೀಟರ್ ಮನೆಗೆ 18 ಮಿಲಿಮೀಟರ್ ತಳ ಸರಿಹೊಂದುತ್ತದೆ. 297 ಕ್ಕೆ 420 ಮಿಲಿಮೀಟರ್ ಅಳತೆಯ ಎ3 ಹಾಳೆಯಲ್ಲಿ ಇಂಥ 70 ಮನೆ ಹಿಡಿಸುತ್ತವೆ, 42 ಮನೆ ಹಾಕಿ ಚಿತ್ರಕ್ಕೂ ಜಾಗ ಉಳಿಯುತ್ತದೆ. ಬಾಟಲಿ ಮುಚ್ಚಳ ಸುಮಾರು 30 ಮಿಲಿಮೀಟರ್ ಅಗಲ, ಈ ಮನೆಗೆ ದೊಡ್ಡದು. ಕಾಯಿಗಳನ್ನು ಬಣ್ಣದಿಂದ ಮಾತ್ರ ಬೇರೆ ಮಾಡಬೇಡಿ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಮಕ್ಕಳಿರುತ್ತಾರೆ, ಹುಡುಗರಲ್ಲಿ ಹೆಚ್ಚು. ಆಕಾರವೂ ಬೇರೆಯಿರಲಿ.

ದಾಳದ ಮೇಲೆ ಅನುಮಾನ. 60 ಸಲ ಎಸೆದು ಬರೆದುಕೊಳ್ಳಿ. ಪ್ರತಿ ಮುಖ ಹತ್ತರ ಆಸುಪಾಸು ಬರಬೇಕು. ನಾಲ್ಕರಿಂದ 16ರವರೆಗೆ ಬಂದರೆ ದಾಳವನ್ನು ದೂರಬೇಡಿ, ಅದರಾಚೆ ಹೋದರೆ ಇನ್ನೂ 60 ಎಸೆಯಿರಿ. ಎದುರುಬದುರು ಮುಖಗಳು, ಉದಾಹರಣೆಗೆ 1 ಮತ್ತು 6, ಎರಡೂ ಹೆಚ್ಚು ಬರುತ್ತಿದ್ದರೆ ದಾಳ ಆ ದಿಕ್ಕಿನಲ್ಲಿ ಚಪ್ಪಟೆಯಾಗಿದೆ. ಒಂದೇ ಮುಖ ಹೆಚ್ಚು ಬಂದು ಅದರ ಎದುರಿನದು ಕಡಿಮೆಯಾಗಿದ್ದರೆ ಕಡಿಮೆ ಬರುವ ಮುಖದ ಕಡೆ ಭಾರವಿದೆ. ಕಾಗದ ಮಡಚಿ ಮಾಡಿದ ದಾಳದಲ್ಲಿ ಅಂಟಿಸಿದ ಪಟ್ಟಿಗಳೆಲ್ಲ ಒಂದೇ ಕಡೆ ಸೇರುವುದರಿಂದ ಹೀಗಾಗುತ್ತದೆ. ದಾಳವನ್ನೇ ಬಿಟ್ಟು 1ರಿಂದ 6ರವರೆಗೆ ನಾಲ್ಕು ನಾಲ್ಕು ಚೀಟಿ, ಒಟ್ಟು 24, ಕಲೆಸಿಟ್ಟು ಒಂದೊಂದಾಗಿ ಎತ್ತಿಸಬಹುದು. ಎತ್ತಿದ್ದನ್ನು ಕಟ್ಟು ಮುಗಿಯುವವರೆಗೆ ಮರಳಿ ಹಾಕಬಾರದು. ಅದೃಷ್ಟದ ಏರುಪೇರು ಕಡಿಮೆಯಾಗುತ್ತದೆ, ಪದೇ ಪದೇ 1 ಬಿದ್ದು ನೊಂದುಕೊಳ್ಳುವ ಮಗುವಿರುವ ಕಡೆ ಇದು ಬಹಳ ನೆಮ್ಮದಿಯ ಉಪಾಯ.

ಕಾರ್ಡುಗಳ ಗುಟ್ಟು ಬಯಲಾಗುತ್ತದೆ. 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದದಲ್ಲಿ ಹಿಂದಿನ ಬರಹ ಕಾಣುತ್ತದೆ. 250ರಿಂದ 300 ಜಿಎಸ್‌ಎಂ ಬಳಸಿ. 63 ಕ್ಕೆ 88 ಮಿಲಿಮೀಟರ್ ಅಳತೆಯಲ್ಲಿ ಒಂದು ಎ4 ಹಾಳೆಗೆ ಒಂಬತ್ತು ಬರುತ್ತವೆ. ಅಂಚು ಓರೆಯಾದ ಒಂದು ಕಾರ್ಡನ್ನು ಮಕ್ಕಳು ಮೂರನೇ ಆಟಕ್ಕೆ ಗುರುತು ಹಿಡಿಯುತ್ತಾರೆ, ಉಕ್ಕಿನ ಅಳತೆಪಟ್ಟಿ ಇಟ್ಟು ಕತ್ತರಿಸಿ.

ಒಂದು ವಿಷಯದಲ್ಲಿ ಮಾತ್ರ ಪರೀಕ್ಷೆ, ರಾಜಿ ಎರಡೂ ಇಲ್ಲ. ಮೂರು ವರ್ಷದೊಳಗಿನ ಮಗು ಓಡಾಡುವ ಮನೆಯಲ್ಲಿ, 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ಸಾಮಾನೂ ಇರಬಾರದು. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಬಳಸುವ ಅಳತೆ ಅದು. ಮೇಲೆ ಹೇಳಿದ 18 ಮಿಲಿಮೀಟರ್ ತಳದ ಗಿಡ್ಡ ಕಾಯಿ, ಗುಂಡಿ, ದಾಳ ಎಲ್ಲ ಅದರೊಳಗೆ ಇಳಿಯುತ್ತವೆ. ಅಂಥ ಕಡೆ ಬೋರ್ಡಿನ ಮನೆಗಳನ್ನೂ ಕಾಯಿಗಳನ್ನೂ ದೊಡ್ಡದು ಮಾಡಿ, ದಾಳವನ್ನು 40 ಮಿಲಿಮೀಟರ್ ಘನವಾಗಿಸಿ. ಪುಟ್ಟ ಬಲವಾದ ಅಯಸ್ಕಾಂತ ಮತ್ತು ಗುಂಡಿ ಬ್ಯಾಟರಿ ಯಾವ ವಯಸ್ಸಿನ ಮಕ್ಕಳ ಆಟಕ್ಕೂ ಬೇಡ.

ಕೊನೆಯ ಪರೀಕ್ಷೆ

ಆಟದ ಡಬ್ಬವನ್ನೂ ನಿಯಮದ ಹಾಳೆಯನ್ನೂ ಅದನ್ನು ನೋಡಿರದವರಿಗೆ ಕೊಟ್ಟು, ನೀವಿಲ್ಲದೆ ಆಡಲು ಹೇಳಿ. ಅವರು ಎಲ್ಲಿ ತಡೆದು ನಿಂತರು, ಯಾವ ನಿಯಮವನ್ನು ತಮಗೆ ಬೇಕಾದಂತೆ ಓದಿಕೊಂಡರು ಎಂಬುದನ್ನು ಕೇಳಿ ಬರೆದುಕೊಳ್ಳಿ. ಅವರು ತಪ್ಪಾಗಿ ಆಡಿದ ನಿಯಮ ನಿಮ್ಮದಕ್ಕಿಂತ ಚೆನ್ನಾಗಿ ನಡೆದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಸತತ ಮೂರು ಆಟಗಳಲ್ಲಿ ಹಾಳೆಯ ಮೇಲೆ ಹೊಸ ಗುರುತು ಬೀಳದಿದ್ದಾಗ ರಟ್ಟು ಕತ್ತರಿಸಿ, ಬಣ್ಣ ಹಚ್ಚಿ. ಮನೆಗಳ ಸಂಖ್ಯೆ, ಸರಾಸರಿ ಸರದಿ, ಆಟದ ನಿಮಿಷ ಇವನ್ನು ಬೋರ್ಡಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಮಕ್ಕಳು ಒಂದು ವರ್ಷ ದೊಡ್ಡವರಾದ ಮೇಲೆ ದಾರಿಯನ್ನು ಎಷ್ಟು ಉದ್ದ ಮಾಡಬೇಕೆಂದು ಆ ಅಂಕಿಗಳಿಂದಲೇ ಲೆಕ್ಕ ಹಾಕಬಹುದು.